ಅತ್ತೆ ಮನೆ ತೊಟ್ಟಿ ಮತ್ತು ನಾಲ್ಕು ಮಣಿಯ ದಾರ

ಬನ್ನೂರು ಕಡೆಯ ಹಳ್ಳಿಯಲ್ಲಿ ನಮ್ಮ ಅತ್ತೆಯ ತೊಟ್ಟಿ ಮನೆ ಇದೆ. ಈ ವರ್ಷ ಹೆಂಚು ಇಳಿಸಲೇಬೇಕು. ಎರಡು ತೊಲೆಗೆ ಗೆದ್ದಲು ಹಿಡಿದಿದೆ, ಮಳೆ ಬಂದರೆ ನಡುಮನೆಯಲ್ಲಿ ಮೂರು ಕಡೆ ಬಕೆಟ್ ಇಡಬೇಕು. "ಕೆಲಸ ಶುರು ಮಾಡೋಕೆ ಮುಂಚೆ ಒಂದು ಫೋಟೋ ತೆಗೆದುಕೊಡೋ, ಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ" ಅಂದರು ಅತ್ತೆ.

ಅದೇನು ಮಹಾ ಅಂದುಕೊಂಡೆ. ಪಡಸಾಲೆಯಲ್ಲಿ ನಿಂತು, ಎಲ್ಲವೂ ಬರಲಿ ಅಂತ ಫೋನಿನಲ್ಲಿ ತುಂಬ ಅಗಲ ನೋಡುವ ಪಾಯಿಂಟ್ ಫೈವ್ (0.5x) ಒತ್ತಿ ಹೊಡೆದೆ. ನಾಲ್ಕು ಕಂಬ, ತೊಟ್ಟಿ, ಸುತ್ತಲಿನ ಸೂರು, ಮೇಲಿನ ಆಕಾಶ ಎಲ್ಲವೂ ಬಂದವು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದೇ ನಿಮಿಷಕ್ಕೆ ಅತ್ತೆಯ ಮಗ ಕೇಳಿದ: "ಇದು ಯಾವ ಕಲ್ಯಾಣ ಮಂಟಪ ಮಾರಾಯ?"

ಅವನು ಹುಟ್ಟಿ ಬೆಳೆದ ಮನೆ ಅದು! ತಮಾಷೆಗೆ ಹೇಳಿದ್ದು ಅಂದುಕೊಂಡೆ, ಆದರೆ ಮತ್ತೆ ನೋಡಿದಾಗ ನನಗೂ ಹಾಗೇ ಕಂಡಿತು. ಎದುರು ಕಂಬ ಎಲ್ಲೋ ದೂರದಲ್ಲಿ ಕಡ್ಡಿಯಷ್ಟು ಸಣ್ಣಗೆ ನಿಂತಿತ್ತು. ಟೇಪ್ ಹಿಡಿದು ಅಳೆದರೆ ಈ ಕಂಬದಿಂದ ಆ ಕಂಬಕ್ಕೆ ಇರುವುದು ಬರೀ 3 ಮೀಟರ್. ಹತ್ತಡಿಯೂ ಪೂರ್ತಿ ಇಲ್ಲ. ಮಳೆಯಲ್ಲಿ ನೆನೆಯದೆ ಈಚೆಯಿಂದ ಆಚೆಗೆ ಪಾತ್ರೆ ದಾಟಿಸುವಷ್ಟು ಚಿಕ್ಕ ತೊಟ್ಟಿ.

ಲೆನ್ಸ್ ತಪ್ಪೋ, ನಿಂತ ಜಾಗ ತಪ್ಪೋ, ಚೌಕಟ್ಟು ತಪ್ಪೋ ಅನ್ನುವುದು ಫೋನಿನ ಪರದೆ ನೋಡಿಕೊಂಡು ಗೊತ್ತಾಗಲಿಲ್ಲ. ಅಲ್ಲಿ ಬೆರಳಾಡಿಸಿದರೆ ಮೂರೂ ಒಟ್ಟಿಗೆ ಬದಲಾದ ಹಾಗೆ ಕಾಣುತ್ತದೆ. ಒಂದೊಂದನ್ನೇ ಬೇರೆ ಮಾಡಿ ನೋಡಬೇಕಿತ್ತು. ಅದಕ್ಕೇ ರಟ್ಟಿನಲ್ಲಿ ಚೌಕ ತೂತು ಕೊರೆದು, ಒಂದು ಕಣ್ಣಿನಿಂದ ಅದರೊಳಗೆ ನೋಡುವಂಥ ಕಿಟಕಿಯೊಂದನ್ನು ಮಾಡಲು ಹೊರಟೆ.

ಮೊದಲ ರಟ್ಟು

ಲೆಕ್ಕ ಸುಲಭ. ಕ್ಯಾಮೆರಾದವರು ಲೆನ್ಸಿಗೆ 24, 35, 50, 85 ಅಂತ ಹೇಳುವ ಮಿಲಿಮೀಟರ್ ಲೆಕ್ಕವೆಲ್ಲ (ಸಂಖ್ಯೆ ಸಣ್ಣದಾದಷ್ಟೂ ನೋಟ ಅಗಲ) 36×24 ಮಿಲಿಮೀಟರ್ ಅಳತೆಯ ಫಿಲ್ಮಿನ ಚೌಕಕ್ಕೆ ಹೊಂದಿಕೊಂಡದ್ದು. ರಟ್ಟಿನಲ್ಲಿ ಅಷ್ಟೇ ದೊಡ್ಡ ತೂತು ಕೊರೆದು ಕಣ್ಣಿನಿಂದ 50 ಮಿಲಿಮೀಟರ್ ದೂರ ಹಿಡಿದರೆ, 50ರ ಲೆನ್ಸು ಎಷ್ಟು ನೋಡುತ್ತದೋ ಅಷ್ಟೇ ಕಾಣುತ್ತದೆ. ಆದರೆ 24ಕ್ಕೆ ಹಿಡಿಯಬೇಕಾದರೆ ರಟ್ಟು ರೆಪ್ಪೆಗೆ ತಾಗುತ್ತದೆ. ಹಾಗಾಗಿ ಎಲ್ಲವನ್ನೂ ನಾಲ್ಕು ಪಟ್ಟು ಮಾಡಿದೆ. ಕಿಟಕಿ 144×96 ಮಿಲಿಮೀಟರ್. ಕಣ್ಣಿನಿಂದ ದೂರ 24ಕ್ಕೆ 96, 35ಕ್ಕೆ 140, 50ಕ್ಕೆ 200, 85ಕ್ಕೆ 340.

ಮೊದಲು ಚಪ್ಪಲಿ ಡಬ್ಬದ ಮುಚ್ಚಳ ಕತ್ತರಿಸಿದೆ. ಬಾಗಿತು. ಆಮೇಲೆ ಸ್ಟೇಷನರಿ ಅಂಗಡಿಯಿಂದ ಕಪ್ಪು ಮೌಂಟ್ ಬೋರ್ಡ್ ತಂದು, ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಿಂದ ಮೂರು ಸಲ ಮೆಲ್ಲಗೆ ಎಳೆದೆ. ಒಂದೇ ಸಲಕ್ಕೆ ಒತ್ತಿದರೆ ಮೂಲೆ ಹರಿಯುತ್ತದೆ. ಒಂದು ಬೋರ್ಡ್ ಹಾಳು ಮಾಡಿಯೇ ಕಲಿತದ್ದು. ಇನ್ನೊಂದು ವಿಷಯ ಅಂದರೆ, ಬೋರ್ಡಿನ ಮೈ ಕಪ್ಪಾದರೂ ಒಳಗಡೆ ಬಿಳಿ. ಕತ್ತರಿಸಿದ ಅಂಚು ಬೆಳ್ಳಗೆ ಹೊಳೆದು, ಬಿಸಿಲಿಗೆ ಹಿಡಿದರೆ ಕಣ್ಣು ಅಲ್ಲೇ ಹೋಗುತ್ತದೆ. ಮಾರ್ಕರಿನಿಂದ ಅಂಚಿಗೂ ಕಪ್ಪು ಬಳಿದೆ.

ಕಣ್ಣಿನಿಂದ ರಟ್ಟು ಎಷ್ಟು ದೂರ ಅಂತ ಪ್ರತಿ ಸಲ ಅಳೆಯುವ ಬದಲು ಒಂದು ದಾರ ಸಾಕು. ಅದಕ್ಕೆ ಹೂ ಕಟ್ಟುವ ದಾರ ತೆಗೆದುಕೊಂಡು, ಕಿಟಕಿಯ ಕೆಳ ಅಂಚಿನ ನಡುವೆ ಸಣ್ಣ ತೂತು ಮಾಡಿ ಕಟ್ಟಿ, ಅಳತೆಗೆ ಗಂಟು ಹಾಕುತ್ತಾ ಹೋದೆ. ಇಲ್ಲಿ ಎರಡು ತಪ್ಪು. ಗಂಟು ಬಿಗಿಯುವಾಗ ಅದು ಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಸಾಲದ್ದಕ್ಕೆ ಆ ದಾರ ಎಳೆದರೆ ಉದ್ದವಾಗುತ್ತದೆ. ಬಿಚ್ಚಿ, ಗೋಣಿಚೀಲ ಹೊಲಿಯುವ ದಪ್ಪ ದಾರ ಹಾಕಿದೆ. ಗಂಟಿನ ಬದಲು ಹಳೆಯ ಸರದ ನಾಲ್ಕು ಮಣಿ ಪೋಣಿಸಿ, ಸರಿಯಾದ ಜಾಗಕ್ಕೆ ಸರಿಸಿ ಫೆವಿಕ್ವಿಕ್ ಒಂದೊಂದು ಹನಿ ಬಿಟ್ಟೆ. ಕೆಂಪು ಮಣಿ 24, ಹಸಿರು 35, ಬಿಳಿ 50, ಕಪ್ಪು 85.

ಇದನ್ನು ನೋಡಿದ ಗೆಳೆಯನೊಬ್ಬ "ಹೊಸದೇನೋ ಕಂಡುಹಿಡಿದಿದ್ದೀಯ" ಅಂದ. ಹೊಸದೇನಲ್ಲ. 1525ರಲ್ಲೇ ಜರ್ಮನಿಯ ಚಿತ್ರಕಾರ ಡ್ಯೂರರ್ ಒಂದು ಮರದಚ್ಚಿನ ಚಿತ್ರ ಮಾಡಿದ್ದ. ಗೋಡೆಯ ಮೊಳೆಯಿಂದ ಒಂದು ದಾರ ಹೊರಟು, ಒಂದು ಚೌಕಟ್ಟಿನ ಒಳಗಿಂದ ಹಾದು, ಮೇಜಿನ ಮೇಲಿನ ತಂತಿವಾದ್ಯಕ್ಕೆ ತಾಗುತ್ತದೆ. ಅಲ್ಲಿ ಕಣ್ಣಿನ ಕೆಲಸ ಮಾಡುವುದು ಆ ಮೊಳೆ. ವ್ಯಾನ್ ಗೋ ಕೂಡ 1882ರಲ್ಲಿ ಹೇಗ್ ಊರಿನಲ್ಲಿದ್ದಾಗ ಇಂಥದ್ದೊಂದು ಚೌಕಟ್ಟು ಮಾಡಿಸಿಕೊಂಡು, ಅದನ್ನು ಸಮುದ್ರದ ದಡಕ್ಕೆ ಹೊತ್ತು ಓಡಾಡಿದ್ದ. ನನ್ನದು ಅದರ ಬಡ ಮೊಮ್ಮಗ.

ಗೋಡೆಯ ಪರೀಕ್ಷೆ

ಮಾಡಿದ್ದು ಸರಿಯಿದೆಯೋ ಇಲ್ಲವೋ ನೋಡಲು ಮೈಸೂರಿನ ನಮ್ಮ ಕಾಂಪೌಂಡ್ ಗೋಡೆ ಸಾಕು. 24ರ ಮಣಿಗೆ ಲೆಕ್ಕ ಹೀಗೆ: ಗೋಡೆಯಿಂದ 2 ಮೀಟರ್ ದೂರ ನಿಂತರೆ 3 ಮೀಟರ್ ಅಗಲ ಕಾಣಬೇಕು. ಸೀಮೆಸುಣ್ಣದಲ್ಲಿ 3 ಮೀಟರ್ ಅಂತರಕ್ಕೆ ಎರಡು ಗೀಟು ಎಳೆದು, ಮಣಿಯನ್ನು ಹಲ್ಲಲ್ಲಿ ಕಚ್ಚಿ, ಒಂದು ಕಣ್ಣು ಮುಚ್ಚಿ ನೋಡಿದೆ. ಎರಡು ಗೀಟೂ ಕಿಟಕಿಯ ಆಚೆಗೇ ಇದ್ದವು! ಕಂಡದ್ದು ಎರಡೂವರೆ ಮೀಟರಿಗಿಂತ ಚೂರು ಜಾಸ್ತಿ ಅಷ್ಟೇ.

ರಟ್ಟು ಅಳೆದೆ, ದಾರ ಅಳೆದೆ, ಎಲ್ಲವೂ ಸರಿಯಾಗಿಯೇ ಇತ್ತು. ಸುಮಾರು ಹೊತ್ತು ತಲೆ ಕೆರೆದುಕೊಂಡ ಮೇಲೆ ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತಾಗ ಹೊಳೆಯಿತು. ಹಲ್ಲು ಕಣ್ಣಿಗಿಂತ ಮುಂದಿದೆ. ನನ್ನ ಮುಖದಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್. ಹಾಗಾಗಿ ರಟ್ಟು ಕಣ್ಣಿನಿಂದ 96ರ ಬದಲು 111 ಮಿಲಿಮೀಟರ್ ದೂರ ಇತ್ತು. ನಾಲ್ಕರಿಂದ ಭಾಗಿಸಿದರೆ ಅದು 28ರ ಲೆನ್ಸಿನ ನೋಟ. 85ರ ಮಣಿಗೆ ಈ ಒಂದೂವರೆ ಸೆಂಟಿಮೀಟರ್ ಲೆಕ್ಕಕ್ಕೇ ಇಲ್ಲ, 24ಕ್ಕೆ ಮಾತ್ರ ಬಹಳ ದೊಡ್ಡದು. ಮಣಿಯನ್ನು ಕಣ್ಣಿನ ಕೆಳಗಿನ ಕೆನ್ನೆಯ ಮೂಳೆಗೆ ಒತ್ತಿ ಹಿಡಿದೆ. ಗೀಟುಗಳು ಕಿಟಕಿಯ ಅಂಚಿಗೆ ಬಂದು ಕೂತವು.

ಆದರೆ ಫೋನಿಗೆ ಹೋಲಿಸಿದಾಗ ಇನ್ನೊಂದು ತಕರಾರು. ಅದೇ ಜಾಗದಿಂದ ಫೋನಿನ ಮಾಮೂಲಿ ಲೆನ್ಸಾದ ಒನ್ ಎಕ್ಸ್‌ನಲ್ಲಿ ತೆಗೆದೆ. ನನ್ನ ಫೋನಿನಲ್ಲಿ ಅದು 24ಕ್ಕೆ ಸಮ. ಅಗಲದಲ್ಲಿ 12 ಸೆಂಟಿಮೀಟರ್ ಕಡಿಮೆ ಬಂತು, ಎತ್ತರದಲ್ಲಿ ಜಾಸ್ತಿ ಬಂತು. ಕಾರಣ ಆಕಾರ. ಫೋನಿನ ಚಿತ್ರ ನಾಲ್ಕಕ್ಕೆ ಮೂರು, ನನ್ನ ಕಿಟಕಿ ಮೂರಕ್ಕೆ ಎರಡು. ಈ 24, 50 ಅನ್ನುವ ಸಮಾನ ಲೆಕ್ಕವನ್ನು ಮೂಲೆಯಿಂದ ಮೂಲೆಗೆ ಅಳೆದು ಮಾಡುತ್ತಾರೆ. ಅಷ್ಟೇ ಕರ್ಣ ಇಟ್ಟುಕೊಂಡು ನಾಲ್ಕಕ್ಕೆ ಮೂರರ ಕಿಟಕಿ ಮಾಡಿದರೆ 138×104 ಮಿಲಿಮೀಟರ್ ಬರುತ್ತದೆ. ಎರಡನೇ ರಟ್ಟು ಕತ್ತರಿಸಿದೆ. ದಾರ, ಮಣಿ ಅವೇ.

ಕೊನೆಗೆ ಒಂದು ಸಣ್ಣ ಸೇರ್ಪಡೆ. ಗಾರೆಯವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ಗುಂಡು ಇಳಿಬಿಡುತ್ತಾರಲ್ಲ, ಹಾಗೆ ರಟ್ಟಿನ ಮೇಲಂಚಿನಿಂದ ತೆಳು ದಾರದಲ್ಲಿ ಒಂದು ಸಣ್ಣ ನಟ್ ನೇತು ಹಾಕಿದೆ. ದಾರ ಕಿಟಕಿಯ ಪಕ್ಕದ ಅಂಚಿಗೆ ಸಮನಾಗಿದ್ದರೆ ರಟ್ಟು ಪಕ್ಕಕ್ಕೆ ವಾಲಿಲ್ಲ. ನಟ್ ಕೆಳ ಅಂಚನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತರೆ ಹಿಂದೆ ಮುಂದೆಯೂ ವಾಲಿಲ್ಲ. ರಟ್ಟು ಮೇಲಕ್ಕೆ ವಾಲಿಸಿ ನೋಡಿದರೆ ಕಂಬಗಳೆಲ್ಲ ಮೇಲುಗಡೆ ಒಂದಕ್ಕೊಂದು ಬಾಗಿದ ಹಾಗೆ ಕಾಣುತ್ತವೆ. ಫೋಟೋದಲ್ಲೂ ಅಷ್ಟೇ. ಮೂರು ಭಾಗ ಮಾಡುವ ಅಡ್ಡ ಉದ್ದ ದಾರಗಳನ್ನೂ ಕಟ್ಟಿ ನೋಡಿದೆ. ಎಲ್ಲರೂ ಹೇಳುವ ನಿಯಮ ಅದು. ಚಿತ್ರ ಒಪ್ಪವಾಗಿ ಕಾಣಬಹುದೇನೋ, ಜಾಗ ಎಷ್ಟು ಆಳ ಅನ್ನುವುದಕ್ಕೆ ಅದರಿಂದ ಏನೂ ಉಪಯೋಗ ಕಾಣಲಿಲ್ಲ. ಕಿತ್ತು ಹಾಕಿದೆ.

ತೊಟ್ಟಿಯಲ್ಲಿ ಸ್ಕೇಲ್ ಹಿಡಿದು

ಇದೇ ನನಗೆ ಮುಖ್ಯವಾದ ದಿನ. ಕಿಟಕಿಯ ಕೆಳಗೆ ಪ್ಲಾಸ್ಟಿಕ್ ಸ್ಕೇಲ್ ಒಂದನ್ನು ಟೇಪ್ ಹಾಕಿ ಅಂಟಿಸಿದೆ. ಮೊದಲ ಫೋಟೋ ತೆಗೆದ ಜಾಗಕ್ಕೇ ಹೋಗಿ ನಿಂತೆ. ಹತ್ತಿರದ ಕಂಬ ಒಂದೂವರೆ ಮೀಟರ್, ಎದುರಿನ ಕಂಬ ನಾಲ್ಕೂವರೆ ಮೀಟರ್. ಕಂಬದ ದಪ್ಪ 15 ಸೆಂಟಿಮೀಟರ್, ಎಲ್ಲವೂ ಒಂದೇ ಸಮ.

ಕೆಂಪು ಮಣಿಯಲ್ಲಿ ಹತ್ತಿರದ ಕಂಬ ಸ್ಕೇಲಿನ ಮೇಲೆ 10 ಮಿಲಿಮೀಟರಿಗೆ ಕೊಂಚ ಕಡಿಮೆ ಕಂಡಿತು. ಎದುರಿನದು 3 ಚಿಲ್ಲರೆ. ಕಾಲು ಕದಲಿಸದೆ ಬಿಳಿ ಮಣಿಗೆ ಬಂದೆ. ಹತ್ತಿರದ್ದು 20, ಎದುರಿನದು 7ಕ್ಕೆ ಸ್ವಲ್ಪ ಕಡಿಮೆ. ಎರಡೂ ದೊಡ್ಡದಾದವು, ಆದರೆ ಒಂದು ಇನ್ನೊಂದರ ಮೂರು ಪಟ್ಟು ಅನ್ನುವುದು ಬದಲಾಗಲೇ ಇಲ್ಲ. ಕಪ್ಪು ಮಣಿಗೆ ಹೋದರೂ ಮೂರೇ.

ಲೆನ್ಸು ದೂರವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ ಅಂತ ನಾನೂ ವರ್ಷಗಟ್ಟಲೆ ಹೇಳಿಕೊಂಡು ಬಂದವನೇ. ರಟ್ಟಿನಲ್ಲಿ ಲೆನ್ಸೇ ಇಲ್ಲ. ಮಣಿ ಬದಲಿಸಿದರೆ ಅಂಚು ಎಲ್ಲಿ ಬೀಳುತ್ತದೆ ಅನ್ನುವುದಷ್ಟೇ ಬದಲಾಗುತ್ತದೆ.

ಈಗ ಮಣಿ ಬಿಟ್ಟು ಕಾಲು ಬದಲಿಸಿದೆ. ಮೂರು ಮೀಟರ್ ಹಿಂದೆ ಹೋಗಬೇಕು ಅಂತ ನಡೆದರೆ, ಪಡಸಾಲೆ ಮುಗಿದು, ಹೊಸ್ತಿಲು ದಾಟಿ, ಜಗುಲಿಗೆ ಬಂದುಬಿಟ್ಟೆ. ಈಗ ಹತ್ತಿರದ ಕಂಬ ನಾಲ್ಕೂವರೆ ಮೀಟರ್, ಎದುರಿನದು ಏಳೂವರೆ. ಕಪ್ಪು ಮಣಿಯಲ್ಲಿ ಅಳೆದರೆ 11 ಮತ್ತು 7. ಮೂರು ಪಟ್ಟಿದ್ದದ್ದು ಒಂದೂ ಮುಕ್ಕಾಲಕ್ಕಿಂತ ಕಡಿಮೆಯಾಯಿತು. ಎದುರಿನ ಕಂಬ ಹತ್ತಿರ ಬಂತು, ತೊಟ್ಟಿ ತನ್ನ ಗಾತ್ರಕ್ಕೆ ಬಂತು. ಕಲ್ಯಾಣ ಮಂಟಪ ಕಟ್ಟಿದ್ದು ನನ್ನ ಕಾಲುಗಳು. ಎಲ್ಲವೂ ಬರಲಿ ಅನ್ನುವ ಆಸೆಗೆ ಪಾಯಿಂಟ್ ಫೈವ್ ಒತ್ತಿದ್ದರಿಂದಲೇ ಅಷ್ಟು ಹತ್ತಿರ ನಿಂತಿದ್ದೆ, ಅಷ್ಟರ ಮಟ್ಟಿಗೆ ಲೆನ್ಸಿನದೂ ಪಾಲಿದೆ ಅನ್ನಿ.

ನೋಡುವ ದೂರವೂ ಒಂದಿದೆ. ನನ್ನ ಫೋನಿನ ಪಾಯಿಂಟ್ ಫೈವ್ ಸುಮಾರು 13ಕ್ಕೆ ಸಮ. ಆ ಚಿತ್ರವನ್ನು 12 ಇಂಚು ಅಗಲದ ಪ್ರಿಂಟ್ ಹಾಕಿಸಿದರೆ, ಅದು ಸಹಜವಾಗಿ ಕಾಣಬೇಕಾದರೆ ಕಣ್ಣಿನಿಂದ ಹನ್ನೊಂದೂವರೆ ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು. ಅಲ್ಲಿಂದ ನೋಡಿದರೆ ಕಲ್ಯಾಣ ಮಂಟಪ ಮತ್ತೆ ತೊಟ್ಟಿಯಾಗುತ್ತದೆ. ಆದರೆ ಅಷ್ಟು ಹತ್ತಿರ ನನ್ನ ಕಣ್ಣಿಗೇ ಮಂಜು, ಇನ್ನು ಕನ್ನಡಕದ ಅತ್ತೆಗೆ? ಗೋಡೆಗೆ ಹಾಕಿದ ಪಟವನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ ಅಲ್ವಾ.

ಸೋಮನಾಥಪುರ

ಅತ್ತೆ ಮನೆಯಿಂದ ಸೋಮನಾಥಪುರ ಹತ್ತಿರವೇ. ಭಾನುವಾರ ಬೆಳಗ್ಗೆ ರಟ್ಟು ಹಿಡಿದು ಹೋದೆ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ನನಗೆ ಬೇಕಾಗಿದ್ದು ಅದರ ನಕ್ಷೆ. ಗುಡಿಗೆ ಮೂರು ಗರ್ಭಗುಡಿ, ಮೂರು ಗೋಪುರ. ಪಶ್ಚಿಮಕ್ಕೆ ಕೇಶವ, ಉತ್ತರಕ್ಕೆ ಜನಾರ್ದನ, ದಕ್ಷಿಣಕ್ಕೆ ವೇಣುಗೋಪಾಲ. ನಾವು ಬರುವುದು ಪೂರ್ವದಿಂದ. ಅಂದರೆ ಎರಡು ಗೋಪುರ ಹತ್ತಿರ, ನಡುವಿನದು ಹಿಂದೆ. ಅತ್ತೆ ಮನೆ ಕಂಬದ ಪರೀಕ್ಷೆಯೇ, ಕಲ್ಲಿನಲ್ಲಿ.

ಬಾಗಿಲ ಮಂಟಪದಲ್ಲಿ ನಿಂತು ನೋಡಿದೆ. ಮೂರೂ ಗೋಪುರ ಒಂದು ಗುಂಪಾಗಿ, ಒಂದರ ಪಕ್ಕ ಒಂದು ಕೂತ ಹಾಗೆ ಕಂಡವು. ಹತ್ತು ಹೆಜ್ಜೆ ಮುಂದೆ ಹೋದೆ. ಪಕ್ಕದ ಎರಡು ಎದ್ದು ನಿಂತವು, ನಡುವಿನದು ಕುಗ್ಗಿ ಮುಂದಿನ ಮಂಟಪದ ಹಿಂದೆ ಇಳಿಯತೊಡಗಿತು. ಬಂದವರಲ್ಲಿ ಹೆಚ್ಚಿನವರು ಹಾಗೆ ಮುಂದೆ ಹೋಗಿ, ಫೋನ್ ಮೇಲಕ್ಕೆತ್ತಿ ತೆಗೆಯುತ್ತಿದ್ದರು. ನಾನೂ ಹಿಂದೆಲ್ಲ ಹಾಗೇ ತೆಗೆದಿದ್ದೇನೆ. ನಟ್ ನೇತು ಹಾಕಿದ ರಟ್ಟನ್ನು ಅಲ್ಲಿ ನೆಟ್ಟಗೆ ಹಿಡಿದರೆ ಗೋಪುರದ ತುದಿ ಬರುವುದಿಲ್ಲ. ಬರಲೇಬೇಕು ಅಂದರೆ ಹಿಂದೆ ಹೋಗಬೇಕು.

ಆದರೆ ಅಂಗಳದ ನಡುವೆ ನಿಂತು ತೆಗೆದ ಯಾವ ಚೌಕಟ್ಟಿನಲ್ಲೂ ಅಂಗಳ ಎಷ್ಟಿದೆ ಅನ್ನುವುದು ಗೊತ್ತಾಗಲಿಲ್ಲ. ಗುಡಿ ಆಟಿಕೆಯ ಹಾಗೆ ಹುಲ್ಲಿನ ಮೇಲೆ ಕೂತಿತ್ತು. ಸುತ್ತಲೂ 64 ಕೋಣೆಗಳ ಕೈಸಾಲೆ ಇದೆ. ಅದರೊಳಗೆ ಹೋಗಿ, ನೆರಳಿನಲ್ಲಿ ನಿಂತು, ಎರಡು ಕಂಬದ ನಡುವೆ ನೋಡಿದೆ. ಕತ್ತಲ ಕಂಬ ಇಲ್ಲಿ, ಬಿಸಿಲು ಅಂಗಳ ಅಲ್ಲಿ, ಅದರಾಚೆ ಗುಡಿ. ಅಂಗಳದ ಅಗಲ ತಟ್ಟನೆ ತಿಳಿಯಿತು. ನಾನು ಎಲ್ಲಿ ನಿಂತಿದ್ದೇನೆ ಅನ್ನುವುದನ್ನು ಕಂಬ ಹೇಳಿತು, ಹಾಗಾಗಿ ಗುಡಿ ಎಷ್ಟು ದೂರ ಅನ್ನುವುದಕ್ಕೆ ಒಂದು ಅಳತೆ ಸಿಕ್ಕಿತು.

ಅಲ್ಲೇ ಇನ್ನೊಂದನ್ನು ಮಾಡಿ ನೋಡಿದೆ. ರಟ್ಟನ್ನು ಒಂಚೂರು ಬಲಕ್ಕೆ ಸರಿಸಿ, ಎಡದ ಕಂಬವನ್ನು ಅರ್ಧಕ್ಕೆ ಕತ್ತರಿಸಿದೆ. ಕಂಬ ಪೂರ್ತಿ ಒಳಗಿದ್ದಾಗ ಕೈಸಾಲೆ ಅಲ್ಲಿಗೇ ಮುಗಿದ ಹಾಗೆ ಇತ್ತು. ಅರ್ಧ ಆದಾಗ ಆಚೆಗೂ ಕಂಬಗಳಿವೆ ಅಂತ ಕಣ್ಣೇ ಊಹಿಸಿಕೊಂಡಿತು. ಕಾವಲಿನವರು ಬಂದು "ಏನ್ ಸಾರ್ ಅಳೀತಾ ಇದೀರಾ?" ಅಂತ ಕೇಳಿದರು. ರಟ್ಟು ಕೊಟ್ಟೆ. ಅವರು ಎರಡೂ ಕಣ್ಣು ಬಿಟ್ಟುಕೊಂಡು ನೋಡಿ, "ಏನೂ ಇಲ್ವಲ್ಲ" ಅಂತ ವಾಪಸ್ ಕೊಟ್ಟರು. ಅದು ನನ್ನದೇ ತಪ್ಪು. ಒಂದು ಕಣ್ಣು ಮುಚ್ಚಿ ಅಂತ ಹೇಳಲೇ ಇಲ್ಲ. ಎರಡು ಕಣ್ಣಿಗೆ ಆಳ ಸುಮ್ನೆ ಗೊತ್ತಾಗಿಬಿಡುತ್ತದೆ. ಕ್ಯಾಮೆರಾ ಒಂಟಿ ಕಣ್ಣಿನದು, ಅದಕ್ಕೆ ಕಂಬ, ನೆರಳು, ನೆಲದ ಗೆರೆ ಎಲ್ಲವನ್ನೂ ನಾವು ಕೊಡಬೇಕು.

ಮತ್ತೆ ಜಗುಲಿಗೆ

ಮಧ್ಯಾಹ್ನ ಅತ್ತೆ ಮನೆಗೆ ವಾಪಸ್. ಜಗುಲಿಯಲ್ಲಿ ನಿಂತ ಜಾಗ ಗೊತ್ತೇ ಇತ್ತು. ಬಾಗಿಲು ನನ್ನಿಂದ ಸುಮಾರು 1.2 ಮೀಟರ್. ಹಸಿರು ಮಣಿ ಹಿಡಿದರೆ ಎರಡೂ ಬಾಗಿಲವಾಡ ಒಳಗೆ ಬಂದವು. ಚಿತ್ರ ಚೆನ್ನಾಗಿತ್ತು, ಆದರೆ ಬೀದಿಯವರು ಇಣುಕಿ ನೋಡಿದ ಹಾಗೆ. ಬಿಳಿ ಮಣಿ ಹಿಡಿದರೆ ಬಾಗಿಲವಾಡ ಪೂರ್ತಿ ಹೋಗಿ, ತೊಟ್ಟಿ ಚಪ್ಪಟೆ ಆಯಿತು. ಹಸಿರಿಗೇ ವಾಪಸ್ ಬಂದು, ರಟ್ಟನ್ನು ಬಲಕ್ಕೆ ಸರಿಸಿ ಎಡದ ಬಾಗಿಲವಾಡ ಮಾತ್ರ ಉಳಿಸಿಕೊಂಡೆ. ಅದೂ ಅರ್ಧ. ಕಪ್ಪಗೆ, ಎಣ್ಣೆ ಹಚ್ಚಿ ಹಚ್ಚಿ ನುಣ್ಣಗಾದ ಮರ. ಈಗ ಒಂದು ಕಾಲು ಒಳಗಿಟ್ಟ ಹಾಗಾಯಿತು.

ಎತ್ತರಕ್ಕೆ ಬಹಳ ಒದ್ದಾಡಿದೆ. ನಿಂತು ನೋಡಿದರೆ ತೊಟ್ಟಿಯ ತಳ ಚೆನ್ನಾಗಿ ಕಾಣುತ್ತದೆ, ಆದರೆ ಬಾಗಿಲ ಮೇಲಿನ ಅಡ್ಡಪಟ್ಟಿ ಎದುರಿನ ಸೂರನ್ನು ನುಂಗುತ್ತದೆ. ಹಳೇ ಮನೆ ಬಾಗಿಲು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮಣೆ ಹಾಕಿ ಕೂತು ನೋಡಿದರೆ ಸೂರು, ಹೆಂಚಿನ ಸಾಲು, ಒಂದು ಚೂರು ಆಕಾಶ ಎಲ್ಲ ಸಿಗುತ್ತವೆ. ತೊಟ್ಟಿಯ ತಳ ಮಾತ್ರ ಅರ್ಧಕ್ಕಿಂತ ಕಡಿಮೆ ಕಾಣುತ್ತದೆ, ಅದು ತಗ್ಗು ಅನ್ನುವುದೇ ಗೊತ್ತಾಗುವುದಿಲ್ಲ. ಕೊನೆಗೆ ಮೊಣಕಾಲೂರಿದೆ. ಕಣ್ಣು ನೆಲದಿಂದ 1.2 ಮೀಟರ್. ಎರಡೂ ಸಿಕ್ಕವು. ಮೊಣಕಾಲಿಗೆ ಗೋಣಿಚೀಲ ಮಡಚಿ ಇಟ್ಟುಕೊಂಡೆ.

ಫೋನಿನಲ್ಲಿ 35 ಇಲ್ಲ. ಬೇಕಾಗಿಯೂ ಇಲ್ಲ. ಒನ್ ಎಕ್ಸ್‌ನಲ್ಲಿ ತೆಗೆದು, ಅಗಲದ ಮೂರನೇ ಎರಡು ಭಾಗದಷ್ಟು ಉಳಿಸಿ ಕತ್ತರಿಸಿದರೆ ಹಸಿರು ಮಣಿಯ ನೋಟವೇ ಬರುತ್ತದೆ. ಕತ್ತರಿಸಿದರೆ ಕಂಬಗಳ ಲೆಕ್ಕ ಬದಲಾಗುವುದಿಲ್ಲ ಅಂತ ಸ್ಕೇಲ್ ಆಗಲೇ ಹೇಳಿತ್ತು. ನಾಲ್ಕು ಗಂಟೆಯ ಬಿಸಿಲು ತೊಟ್ಟಿಯ ಒಂದು ಮೂಲೆಗೆ ಬಿದ್ದಿತ್ತು. ಎದುರಿನ ಕಂಬಕ್ಕೆ ಒಂದು ಪೊರಕೆ ಒರಗಿಸಿದ್ದರು. ಅದನ್ನು ಎತ್ತಿಡೋಣ ಅಂತ ಎದ್ದವನು ಮತ್ತೆ ಕೂತೆ. ಪೊರಕೆ ಎಷ್ಟುದ್ದ ಅಂತ ಎಲ್ಲರಿಗೂ ಗೊತ್ತು. ಅದರ ಪಕ್ಕದ ಕಂಬ ಎಷ್ಟು ಎತ್ತರ ಅಂತ ಕಣ್ಣು ತಾನೇ ಅಳೆದುಕೊಳ್ಳುತ್ತದೆ.

ಒಂಬತ್ತು ಫೋಟೋ ತೆಗೆದು ಒಂದನ್ನು ಗುಂಪಿಗೆ ಹಾಕಿದೆ. ಅತ್ತೆಯ ಮಗ ಏನೂ ಬರೆಯದೆ, ಮರುದಿನ ಫೋನ್ ಮಾಡಿ ದೊಡ್ಡ ಫೈಲ್ ಕಳಿಸು ಅಂದ. ಅತ್ತೆ ಕನ್ನಡಕ ಹಾಕಿಕೊಂಡು, ಕೈ ಚಾಚಿ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲ ಸರಿ. ಆ ಪೊರಕೆ ಎತ್ತಿಡಬಾರದಿತ್ತೇನೋ? ಗೋಡೆಗೆ ಹಾಕೋ ಪಟದಲ್ಲಿ ಪೊರಕೆ!"

ಈಗ ಬರುವ ಭಾನುವಾರ ಮತ್ತೆ ಹೋಗಬೇಕು. ಪೊರಕೆ ಬದಲು ಬಿಂದಿಗೆ ಇಡುವುದು ಅಂತ ಒಪ್ಪಂದ ಆಗಿದೆ. ಹಸಿರು ಮಣಿ ಸೀಳಿದೆ, ಅಷ್ಟರಲ್ಲಿ ಬೇರೆ ಪೋಣಿಸಬೇಕು. ಹೆಂಚಿನವರು ಸೋಮವಾರ ಬರುತ್ತಾರಂತೆ.